ಬಿಳಿ ಪಂಚೆ, ಇದ್ದಿಲು ಮುಖ: ರೀಲು ಕ್ಯಾಮೆರಾ ಬೆಳಕು ಅಳೆದ ಕಥೆ

ಮೈಸೂರಿನ ಸಿದ್ಧಾರ್ಥನಗರ ನೋಡದವರಿಗೆ ಗುರುತು ಹೇಳುವುದು ಸುಲಭ. ಮೃಗಾಲಯ, ಕಾರಂಜಿ ಕೆರೆ ದಾಟಿ ಲಲಿತಮಹಲ್ ಕಡೆಗೆ ಹೊರಟರೆ ಸಿಗುವ ಬಡಾವಣೆ ಅದು. ತಲೆ ಎತ್ತಿದರೆ ಚಾಮುಂಡಿ ಬೆಟ್ಟ. ಈ ಸುತ್ತಿನಲ್ಲೇ ಕ್ಯಾಮೆರಾವನ್ನು ಏಮಾರಿಸುವ ಎರಡು ದೊಡ್ಡ ವಸ್ತುಗಳಿವೆ. ಒಂದು, ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಅಡಿಗಲ್ಲು ಹಾಕಿದ ಲಲಿತಮಹಲ್ ಅರಮನೆ. ಬುಡದಿಂದ ಗುಮ್ಮಟದವರೆಗೆ ಬಿಳಿ. ಇನ್ನೊಂದು, ಬೆಟ್ಟದ ಮೆಟ್ಟಿಲ ದಾರಿಯಲ್ಲಿ ಕೂತಿರುವ ದೊಡ್ಡ ನಂದಿ. ದೊಡ್ಡ ದೇವರಾಜ ಒಡೆಯರ ಕಾಲದ್ದು, ಸುಮಾರು 16 ಅಡಿ ಎತ್ತರ. ಮೈಯೆಲ್ಲ ಕಪ್ಪು.

ಇವೆರಡನ್ನೂ ಹಳೆಯ ರೀಲು ಕ್ಯಾಮೆರಾದಲ್ಲಿ, ಮೀಟರಿನ ಮುಳ್ಳು ಹೇಳಿದ ಹಾಗೆಯೇ ಸ್ಲೈಡ್ ಫಿಲಂ ಹಾಕಿ ತೆಗೆದರೆ ಒಂದು ವಿಚಿತ್ರ ನಡೆಯುತ್ತದೆ. ಬಿಳಿ ಅರಮನೆ ಮಾಸಿದ ಬೂದಿ ಬಣ್ಣಕ್ಕೆ ಇಳಿಯುತ್ತದೆ. ಕರಿ ನಂದಿ ಬೂದಿ ಬಣ್ಣಕ್ಕೆ ಏರುತ್ತದೆ. ಕ್ಯಾಮೆರಾ ಕೆಟ್ಟಿಲ್ಲ, ಫಿಲಂ ಹಳತಾಗಿಲ್ಲ. ಮೀಟರಿನ ಗುಣವೇ ಅದು. ಎದುರಿಗೆ ಏನೇ ಇರಲಿ, ಅದು ಬೂದಿ ಬಣ್ಣದ್ದು ಅಂತಲೇ ನಂಬಿ ಲೆಕ್ಕ ಹಾಕುತ್ತದೆ.

ಕಲ್ಲು, ಕಟ್ಟಡದ ವಿಷಯಕ್ಕೆ ಇದು ಸಣ್ಣ ತಮಾಷೆ. ಆದರೆ ನಮ್ಮ ಹಳ್ಳಿಮನೆಗಳ ಗೋಡೆ ಮೇಲೆ ತೂಗುವ ಫೋಟೋಗಳಲ್ಲಿ ಇದೇ ಲೆಕ್ಕ ಮುಖಗಳನ್ನು ನುಂಗಿ ಹಾಕಿದೆ. ಅಜ್ಜನ ಪಂಚೆ ಹಾಲಿನಂತಿದೆ, ಮುಖ ಮಾತ್ರ ಇದ್ದಿಲು. ಕಣ್ಣು ಎಲ್ಲಿ, ಮೀಸೆ ಎಲ್ಲಿ ಅಂತ ಹುಡುಕಬೇಕು. 'ನಮ್ಮಜ್ಜ ಕಪ್ಪಗಿದ್ದ, ಅದಕ್ಕೇ ಫೋಟೋ ಹಾಗೆ ಬಂದಿದೆ' ಅಂತ ಮನೆಯವರೇ ಹೇಳಿಬಿಡುತ್ತಾರೆ. ಅಜ್ಜ ಕಪ್ಪಗಿದ್ದಿರಬಹುದು. ತಪ್ಪು ಅಜ್ಜನ ಮೈಬಣ್ಣದ್ದಲ್ಲ.

ಮೊದಲು ಎಕ್ಸ್‌ಪೋಷರ್ ಅಂದರೆ ಏನು ಅಂತ ನೋಡೋಣ. ಗದ್ದೆಗೆ ನೀರು ಬಿಡುವವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಕೆರೆಯ ತೂಬು ಎಷ್ಟು ತೆರೆದಿದೆ, ಎಷ್ಟು ಹೊತ್ತು ತೆರೆದಿದೆ, ಈ ಎರಡರ ಮೇಲೆ ಗದ್ದೆಗೆ ಎಷ್ಟು ನೀರು ಅನ್ನುವುದು ತೀರ್ಮಾನ. ಕ್ಯಾಮೆರಾದಲ್ಲಿ ತೂಬಿನ ಬಾಯಿಗೆ ಅಪರ್ಚರ್ ಅಂತಾರೆ, ತೆರೆದಿಡುವ ಹೊತ್ತಿಗೆ ಶಟರ್ ಸ್ಪೀಡ್ ಅಂತಾರೆ. ಮೂರನೆಯದು ಗದ್ದೆಯ ಮಣ್ಣು. ಒಂದು ಮಣ್ಣು ಬೇಗ ನೆನೆಯುತ್ತದೆ, ಇನ್ನೊಂದು ತಡವಾಗಿ. ಫಿಲಂ ಡಬ್ಬಿಯ ಮೇಲಿನ 100, 200, 400 ಅನ್ನುವ ಸಂಖ್ಯೆ ಅದನ್ನೇ ಹೇಳುತ್ತದೆ. 400ರ ಫಿಲಂಗೆ 100ರ ಫಿಲಂಗಿಂತ ನಾಲ್ಕನೇ ಒಂದು ಪಾಲು ಬೆಳಕು ಸಾಕು.

ಅಪರ್ಚರ್ ಸಂಖ್ಯೆ ಮಾತ್ರ ಹೊಸಬರನ್ನು ಗೋಳುಹುಯ್ದುಕೊಳ್ಳುತ್ತದೆ. 16 ಅಂದರೆ ಸಣ್ಣ ತೂತು, 4 ಅಂದರೆ ದೊಡ್ಡ ತೂತು. ಇದು ತಲೆಕೆಳಗಲ್ಲವೇ ಅನ್ನಿಸುತ್ತದೆ. ಇದನ್ನು ಹಿಸ್ಸೆಯ ಲೆಕ್ಕದಲ್ಲಿ ನೋಡಿ. ಒಂದೇ ಜಮೀನನ್ನು ನಾಲ್ವರು ಅಣ್ಣತಮ್ಮಂದಿರು ಹಂಚಿಕೊಂಡರೆ ಒಬ್ಬೊಬ್ಬರಿಗೆ ದೊಡ್ಡ ತುಂಡು, ಹದಿನಾರು ಜನ ಹಂಚಿಕೊಂಡರೆ ಚೂರು. ಆ ಸಂಖ್ಯೆ ಭಾಗಿಸುವ ಸಂಖ್ಯೆ, ಅಷ್ಟೇ. 2.8, 4, 5.6, 8, 11, 16 ಅಂತ ಒಂದೊಂದು ಹೆಜ್ಜೆ ಮುಂದೆ ಹೋದ ಹಾಗೆ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಈ ಹೆಜ್ಜೆಗೆ ಸ್ಟಾಪ್ ಅಂತ ಹೆಸರು.

ಇನ್ನು ಇತಿಹಾಸ. 1839ರಲ್ಲಿ ಯುರೋಪಿನಲ್ಲಿ ಫೋಟೋಗ್ರಫಿ ಬಂತು ಅಂತ ಜಗತ್ತಿಗೆ ಗೊತ್ತಾಯಿತು. ಹದಿನೈದೇ ವರ್ಷದಲ್ಲಿ ಅದು ನಮ್ಮ ಹಳೇಬೀಡಿಗೆ ಬಂದು ನಿಂತಿತ್ತು. ಬೆಂಗಳೂರಿನಲ್ಲಿದ್ದ ಕಂಪನಿ ಸರ್ಕಾರದ ಸೇನೆಯ ಕ್ಯಾಪ್ಟನ್ ಲಿನೇಯಸ್ ಟ್ರೈಪ್, ಡಾಕ್ಟರ್ ಆಂಡ್ರೂ ನೀಲ್ ಜೊತೆ 1854ರ ಡಿಸೆಂಬರ್‌ನಲ್ಲಿ ಮೈಸೂರು ಸೀಮೆ ಸುತ್ತಿ ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳ ಚಿತ್ರ ತೆಗೆದ. ಮರುವರ್ಷ ಮದರಾಸಿನ ಪ್ರದರ್ಶನದಲ್ಲಿ ಟ್ರೈಪ್ ಇಟ್ಟ ಚಿತ್ರಗಳು 68. ಆಗ ನೆಗೆಟಿವ್ ಇದ್ದದ್ದು ಕಾಗದದ ಮೇಲೆ. ಮೀಟರು ಅನ್ನುವ ವಸ್ತುವೇ ಇಲ್ಲ. ಲೆನ್ಸಿನ ಮುಚ್ಚಳ ತೆಗೆದು, ಅಂದಾಜಿನ ಮೇಲೆ ನಿಮಿಷಗಟ್ಟಲೆ ಕಾದು, ಮತ್ತೆ ಮುಚ್ಚಬೇಕು. ನಡೆದಾಡುವ ಮನುಷ್ಯರು ಆ ಹೊತ್ತಿನಲ್ಲಿ ಚಿತ್ರದಿಂದ ಅಳಿಸಿಹೋಗುತ್ತಿದ್ದರು. ಕಲ್ಲು ಕದಲುವುದಿಲ್ಲವಲ್ಲ, ಗುಡಿಗಳು ಚೆನ್ನಾಗಿ ಬಂದವು.

ಆ ಕಾಲದ ಚಿತ್ರಗಳಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಆಕಾಶ ಖಾಲಿ ಕಾಗದದಂತೆ ಬೆಳ್ಳಗಿರುತ್ತದೆ. ಆಗಿನ ರಾಸಾಯನಿಕಕ್ಕೆ ನೀಲಿ ಬೆಳಕು ಮಾತ್ರ ಚೆನ್ನಾಗಿ ತಾಗುತ್ತಿತ್ತು. ಹಳದಿ, ಕೆಂಪು ಬಹುಪಾಲು ಕಾಣುತ್ತಲೇ ಇರಲಿಲ್ಲ. ಹಾಗಾಗಿ ನೀಲಿ ಆಕಾಶ ಬಿಳಿಯಾಯಿತು, ಕುಂಕುಮ ಕಪ್ಪಾಯಿತು. ಹಳೆಯ ಫೋಟೋಗಳಲ್ಲಿ ಹೆಂಗಸರ ಹಣೆಯಲ್ಲಿ ಕಾಡಿಗೆಯ ಬೊಟ್ಟು ಇಟ್ಟ ಹಾಗೆ ಕಾಣುವುದಕ್ಕೆ ಇದೇ ಕಾರಣ. ಅರಿಶಿನವೂ ಮಂಕು. ನಮ್ಮ ಕಂದು ಮೈ? ಕಂದು ಬಣ್ಣದಲ್ಲಿ ಕೆಂಪು ಹಳದಿ ಪಾಲು ಜಾಸ್ತಿ, ನೀಲಿ ಕಡಿಮೆ. ಆದ್ದರಿಂದ ಮೈ ಇದ್ದದ್ದಕ್ಕಿಂತ ಎರಡು ಪಟ್ಟು ಕಪ್ಪಾಗಿ ಕಾಣುವ ಹಾಗೆ ಅಚ್ಚಾಯಿತು. ನಮ್ಮ ಮುತ್ತಜ್ಜ ಮುತ್ತಜ್ಜಿಯರ ಬಣ್ಣವನ್ನು ಆ ಫೋಟೋ ನೋಡಿ ತೀರ್ಮಾನಿಸುವ ಹಾಗಿಲ್ಲ.

ಅಂದಾಜನ್ನು ಲೆಕ್ಕಕ್ಕೆ ತಂದವರು ಇಂಗ್ಲೆಂಡಿನ ಇಬ್ಬರು, ಹರ್ಟರ್ ಮತ್ತು ಡ್ರಿಫೀಲ್ಡ್. ಇಬ್ಬರೂ ರಾಸಾಯನಿಕ ಕಾರ್ಖಾನೆಯ ಜನ, ಫೋಟೋ ಅವರ ಹವ್ಯಾಸ. ಬೆಳಕು ಇಷ್ಟು ಬಿದ್ದರೆ ನೆಗೆಟಿವ್ ಇಷ್ಟು ಕಪ್ಪಾಗುತ್ತದೆ ಅನ್ನುವುದನ್ನು ಅವರು 1890ರಲ್ಲಿ ಗೆರೆ ಎಳೆದು ತೋರಿಸಿದರು. ಅದೇ ಸುಮಾರಿಗೆ ಆಲ್ಫ್ರೆಡ್ ವಾಟ್ಕಿನ್ಸ್ ಅನ್ನುವವರು ಒಂದು ಮೀಟರು ಮಾಡಿದರು. ಅದರೊಳಗೆ ಬೆಳಕಿಗೆ ಕಪ್ಪಾಗುವ ಕಾಗದದ ಚೂರು. ಪಕ್ಕದಲ್ಲಿ ಬಣ್ಣ ಹಚ್ಚಿದ ಗುರುತು. ಕಾಗದ ಆ ಗುರುತಿನಷ್ಟು ಕಪ್ಪಾಗಲು ಎಷ್ಟು ಸೆಕೆಂಡು ಹಿಡಿಯಿತು ಅಂತ ಎಣಿಸಿ ಎಕ್ಸ್‌ಪೋಷರ್ ಲೆಕ್ಕ ಹಾಕಬೇಕು.

1930ರ ದಶಕದಲ್ಲಿ ಕರೆಂಟಿನ ಮೀಟರು ಬಂತು. ಸೆಲೀನಿಯಂ ಅನ್ನುವ ವಸ್ತುವಿನ ಮೇಲೆ ಬೆಳಕು ಬಿದ್ದರೆ ತಾನಾಗಿ ಸ್ವಲ್ಪ ವಿದ್ಯುತ್ ಹುಟ್ಟುತ್ತದೆ. ಈಗಿನ ಸೋಲಾರ್ ಫಲಕದ ಅಕ್ಕನೋ ಅಜ್ಜಿಯೋ ಅನ್ನಿ. ಆ ವಿದ್ಯುತ್ತು ಮುಳ್ಳನ್ನು ಅಲ್ಲಾಡಿಸುತ್ತದೆ, ಮುಳ್ಳು ಸಂಖ್ಯೆ ತೋರಿಸುತ್ತದೆ. ಅಮೆರಿಕದ ವೆಸ್ಟನ್ ಕಂಪನಿಯ ಮೀಟರು 1932ರದ್ದು, ಸೆಲ್ ಬೇಕಿಲ್ಲ. ಆಮೇಲೆ ಕ್ಯಾಡ್ಮಿಯಂ ಸಲ್ಫೈಡ್ ಮೀಟರುಗಳು ಬಂದವು, ಅವಕ್ಕೆ ಸೆಲ್ ಬೇಕು. ಮಂದ ಬೆಳಕನ್ನೂ ಹಿಡಿಯುತ್ತಿದ್ದವು. 1960ರ ದಶಕದಲ್ಲಿ ಮೀಟರು ಕ್ಯಾಮೆರಾದ ಒಳಕ್ಕೇ ಹೋಯಿತು. ಲೆನ್ಸಿನ ಮೂಲಕ ಬರುವ ಬೆಳಕನ್ನೇ ಅಳೆಯುವ ಟಾಪ್ಕಾನ್ 1963ರಲ್ಲಿ, ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್ 1964ರಲ್ಲಿ ಬಂದವು.

ಇದೆಲ್ಲ ಜಪಾನ್, ಅಮೆರಿಕದ ಮಾತು. ನಮ್ಮಲ್ಲಿ ಕ್ಯಾಮೆರಾ ಅಂದರೆ ಬಹಳ ಜನಕ್ಕೆ ಆಗ್ಫಾ ಕ್ಲಿಕ್. ದೇಶದಲ್ಲೇ ತಯಾರಾಗುತ್ತಿದ್ದ, ಒಂದು ರೀಲಿಗೆ 12 ಚೌಕ ಫೋಟೋ ಬರುವ ಡಬ್ಬಿ. ಅದರಲ್ಲಿ ಮೀಟರಿಲ್ಲ, ಸಂಖ್ಯೆಯ ಕಾಟವೂ ಇಲ್ಲ. ಕ್ಲಿಕ್ 3ರಲ್ಲಿ ಸೂರ್ಯ, ಮೋಡ ಅಂತ ಆರಿಸಿಕೊಳ್ಳುವುದು. ಬಿಸಿಲಿದ್ದರೆ ಸೂರ್ಯ, ಇಲ್ಲದಿದ್ದರೆ ಮೋಡ. ಅಷ್ಟರಲ್ಲೇ ಒಂದು ಕಾಲದ ಮಕ್ಕಳ ನಾಮಕರಣ, ಜಾತ್ರೆ, ಶಾಲೆಯ ಪ್ರವಾಸ ಎಲ್ಲ ದಾಖಲಾಯಿತು. ನಮ್ಮನ್ನು ಕೇಳಿದರೆ ಅದು ಸಣ್ಣ ಸಾಧನೆಯಲ್ಲ.

ಸ್ಟುಡಿಯೋದವರ ಕೈಯಲ್ಲಿ ಯಾಶಿಕಾ ಇರುತ್ತಿತ್ತು. ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ ನೋಡಿ ತೆಗೆಯುವ ಎರಡು ಲೆನ್ಸಿನ ಕ್ಯಾಮೆರಾ. ಅದರ 'ಮ್ಯಾಟ್ 124 ಜಿ' ಮಾದರಿಯಲ್ಲಿ ಮೀಟರು ಇತ್ತು. ಆದರೆ ಮೀಟರು ಇಲ್ಲದಿದ್ದರೂ ಕೆಲಸ ನಿಲ್ಲುತ್ತಿರಲಿಲ್ಲ. ಫಿಲಂ ಡಬ್ಬಿಯೊಳಗೇ ಒಂದು ಚೀಟಿ ಮಡಚಿ ಇಟ್ಟಿರುತ್ತಿದ್ದರು. ನಿಚ್ಚಳ ಬಿಸಿಲಿಗೆ ಅಪರ್ಚರ್ 16, ಶಟರು ಫಿಲಂ ಸಂಖ್ಯೆಯಷ್ಟು. ಅಂದರೆ 100ರ ಫಿಲಂಗೆ ಸೆಕೆಂಡಿನ 125ನೇ ಒಂದು ಭಾಗ. ತೆಳು ಮೋಡಕ್ಕೆ 11, ನೆರಳೇ ಬೀಳದ ಮೋಡಕ್ಕೆ 8, ದಟ್ಟ ಮೋಡಕ್ಕೆ 5.6, ಮರದ ಅಥವಾ ಗೋಡೆಯ ನೆರಳಿಗೆ 4. ಇದನ್ನು ಬಾಯಿಪಾಠ ಮಾಡಿಕೊಂಡವರು ಮಗ್ಗಿ ಹೇಳಿದ ಹಾಗೆ ಹೇಳುತ್ತಿದ್ದರು. ಮಳೆ ಬರುತ್ತದೋ ಇಲ್ಲವೋ ಅಂತ ಮೋಡ ನೋಡಿ ಹೇಳುವ ರೈತರ ಕಣ್ಣಿಗೂ ಈ ಕಣ್ಣಿಗೂ ದೊಡ್ಡ ವ್ಯತ್ಯಾಸವಿಲ್ಲ.

ಈ ಹಳೆಯ ಚೀಟಿಯಲ್ಲಿ ಒಂದು ಗುಟ್ಟಿದೆ. ಅದು ಅಳೆಯುವುದು ಬೀಳುವ ಬೆಳಕನ್ನು. ಎದುರಿಗಿರುವುದು ಬಿಳಿಯೋ ಕಪ್ಪೋ ಅದಕ್ಕೆ ಬೇಕಿಲ್ಲ. ಲಲಿತಮಹಲಿಗೂ ನಂದಿಗೂ ಒಂದೇ ಬಿಸಿಲು ಬೀಳುತ್ತಿದ್ದರೆ ಒಂದೇ ಎಕ್ಸ್‌ಪೋಷರ್. ಬಿಳಿ ಬಿಳಿಯಾಗಿ, ಕಪ್ಪು ಕಪ್ಪಾಗಿ ಬರುತ್ತದೆ. ಕ್ಯಾಮೆರಾದೊಳಗಿನ ಮೀಟರು ಹಾಗಲ್ಲ. ಅದು ಅಳೆಯುವುದು ವಸ್ತುವಿಗೆ ಬಡಿದು ವಾಪಸು ಬರುವ ಬೆಳಕನ್ನು. ಬಿಳಿ ಗೋಡೆ ಬಹಳ ಬೆಳಕು ವಾಪಸು ಕಳಿಸುತ್ತದೆ. ಮೀಟರು 'ಅಬ್ಬಾ ಎಂಥ ಬಿಸಿಲು' ಅಂದುಕೊಂಡು ತೂಬು ಮುಚ್ಚುತ್ತದೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ 18 ಪಾಲು ವಾಪಸು ಕೊಡುವ ಬೂದಿ ಬಣ್ಣವನ್ನೇ ಫೋಟೋದವರು ನಡುಮಟ್ಟ ಅಂತ ಇಟ್ಟುಕೊಂಡರು. ಆ ಬಣ್ಣದ ರಟ್ಟನ್ನೇ ಕೊಡಾಕ್ ಕಂಪನಿ ಮಾರುತ್ತಿತ್ತು.

ಆದ್ದರಿಂದ ಬಲ್ಲವರು ಮೀಟರಿನ ಮಾತು ಕೇಳಿ, ಆಮೇಲೆ ತಿದ್ದುತ್ತಿದ್ದರು. ಬಿಳಿ ಅರಮನೆಗೆ ಒಂದೂವರೆ ಎರಡು ಸ್ಟಾಪ್ ಹೆಚ್ಚು ಬೆಳಕು, ಕರಿ ನಂದಿಗೆ ಅಷ್ಟೇ ಕಡಿಮೆ. ಇಲ್ಲವೇ ಬಿಸಿಲಿನಲ್ಲಿರುವ ಹಸಿರು ಹುಲ್ಲಿಗೆ ಮೀಟರು ಹಿಡಿದು ಅದನ್ನೇ ಇಟ್ಟುಕೊಳ್ಳುವುದು. ಹುಲ್ಲು ಹೆಚ್ಚುಕಡಿಮೆ ನಡುಮಟ್ಟದ್ದೇ. ಅದೂ ಸಿಗದಿದ್ದರೆ ಸ್ವಂತ ಅಂಗೈ. ಮೈ ಎಷ್ಟೇ ಕಪ್ಪಿರಲಿ ಬೆಳ್ಳಗಿರಲಿ, ಅಂಗೈ ಬಣ್ಣದಲ್ಲಿ ಮನುಷ್ಯರ ನಡುವೆ ಅಂಥ ವ್ಯತ್ಯಾಸವಿಲ್ಲ. ಅಂಗೈ ಅಳತೆಗಿಂತ ಒಂದು ಸ್ಟಾಪ್ ಜಾಸ್ತಿ ಕೊಟ್ಟರೆ ಲೆಕ್ಕ ಸರಿ. ಕಾರಂಜಿ ಕೆರೆಯಲ್ಲಿ ಬೆಳ್ಳಕ್ಕಿ ಮತ್ತು ನೀರುಕಾಗೆ ಒಂದೇ ಮರದಲ್ಲಿ ಕೂತಿರುವುದನ್ನು ನೀವು ನೋಡಿರಬಹುದು. ರೀಲಿನ ಕಾಲದಲ್ಲಿ ಹಕ್ಕಿ ಫೋಟೋ ತೆಗೆದವರಿಗೆ ಅದು ಪರೀಕ್ಷೆಯ ಪ್ರಶ್ನೆಪತ್ರಿಕೆ. 36 ಫೋಟೋಗೆ ರೀಲು ಖಾಲಿ. ತೊಳೆಸುವವರೆಗೆ ಪಾಸೋ ಫೇಲೋ ಗೊತ್ತಿಲ್ಲ.

ಫಿಲಂ ಆಗ ಅಗ್ಗವೂ ಇರಲಿಲ್ಲ, ಎಲ್ಲ ಕಾಲಕ್ಕೂ ಸಿಗುತ್ತಲೂ ಇರಲಿಲ್ಲ. ಅದಕ್ಕೇ ಕೇಂದ್ರ ಸರ್ಕಾರ 1960ರಲ್ಲಿ ಹಿಂದೂಸ್ತಾನ್ ಫೋಟೋ ಫಿಲಂಸ್ ಕಂಪನಿ ಕಟ್ಟಿತು. ಕಾರ್ಖಾನೆ ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿ ಹೋದರೆ ಸಿಗುವ ಊಟಿಯಲ್ಲಿ. 1967ರಲ್ಲಿ ಕೆಲಸ ಶುರುವಾಯಿತು. 'ಇಂದು' ಅನ್ನುವ ಹೆಸರಿನ ಕಪ್ಪು-ಬಿಳುಪು ಫಿಲಂ, ಫೋಟೋ ಕಾಗದ, ಆಸ್ಪತ್ರೆಗಳ ಎಕ್ಸ್‌ರೇ ಫಿಲಂ ಅಲ್ಲಿಂದ ಬರುತ್ತಿದ್ದವು. ಇಂದು ಅಂದರೆ ಚಂದ್ರ, ಬೆಳ್ಳಿ ಲವಣದ ಫಿಲಂಗೆ ಒಪ್ಪುವ ಹೆಸರು. ಕಲರ್ ಬಂತು, ಆಮೇಲೆ ಡಿಜಿಟಲ್ ಬಂತು, ಕಾರ್ಖಾನೆ ಬಾಗಿಲು ಹಾಕಿತು.

ಬೆಳಕಿನ ಅಳತೆಯಲ್ಲಿ ಮೈಸೂರು ಹುಟ್ಟಿಸಿದ ದೊಡ್ಡ ಹೆಸರು ವಿ.ಕೆ. ಮೂರ್ತಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದವರು. ಗುರುದತ್ ಚಿತ್ರಗಳ ಕ್ಯಾಮೆರಾಮನ್. ದೇಶದ ಮೊದಲ ಸಿನೆಮಾಸ್ಕೋಪ್ ಚಿತ್ರ 'ಕಾಗಜ್ ಕೆ ಫೂಲ್' 1959ರಲ್ಲಿ ಬಂತು. ಅದರಲ್ಲಿ ಕತ್ತಲ ಸ್ಟುಡಿಯೋದೊಳಕ್ಕೆ ಮೇಲಿನಿಂದ ಒಂದು ಬಿಸಿಲುಕೋಲು ಇಳಿಯುವ ದೃಶ್ಯವಿದೆ. ಆ ಕೋಲಿಗೆ ಮೂರ್ತಿ ಬಳಸಿದ್ದು ದೊಡ್ಡ ಲೈಟುಗಳನ್ನಲ್ಲ, ಎರಡು ಕನ್ನಡಿ. ಹೊರಗಿನ ಸೂರ್ಯನ ಬೆಳಕನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಿ ಒಳಗೆ ತಂದರು. ಹಂಚಿನ ಮನೆಯ ಗವಾಕ್ಷಿಯಿಂದ ಇಳಿಯುವ ಬಿಸಿಲು, ಅದರಲ್ಲಿ ತೇಲುವ ದೂಳು ನೋಡಿ ಬೆಳೆದವರಿಗೆ ಆ ದೃಶ್ಯ ಯಾಕೋ ಗುರುತಿನದು ಅನ್ನಿಸುತ್ತದೆ.

ಇಂಥ ಕಡೆ ಮೀಟರಿನ ಸರಾಸರಿ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ಸರಾಸರಿ ಹಿಡಿದರೆ ಕತ್ತಲು ಬೂದಿಯಾಗುತ್ತದೆ, ಕೋಲು ಚದುರುತ್ತದೆ. ಯಾವುದು ಕಾಣಬೇಕು, ಯಾವುದು ಕತ್ತಲಲ್ಲೇ ಉಳಿಯಬೇಕು ಅನ್ನುವುದನ್ನು ಮನುಷ್ಯ ತೀರ್ಮಾನಿಸಬೇಕು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಮೂರ್ತಿ, 2008ನೇ ಸಾಲಿಗೆ. 2014ರಲ್ಲಿ ತೀರಿಕೊಂಡರು.

ಮದುವೆ ಮನೆಯ ಫೋಟೋಗ್ರಾಫರಿಗೆ ಕನ್ನಡಿ ಕಟ್ಟುವಷ್ಟು ಪುರಸೊತ್ತು ಎಲ್ಲಿ? ಧಾರೆ ಮುಹೂರ್ತ ಕಾಯುವುದಿಲ್ಲ. ಗಂಡು ಬಿಳಿ ಪಂಚೆ, ಬಿಳಿ ಅಂಗಿ, ಬಿಳಿ ಪೇಟ. ಚೌಕಟ್ಟಿನ ಮುಕ್ಕಾಲು ಪಾಲು ಬಿಳಿ. ಮೀಟರು ಅಥವಾ ಆಟೋ ಫ್ಲ್ಯಾಶು ಆ ಬಿಳಿಯನ್ನು ನೋಡಿ ಬೆಳಕು ಕಡಿಮೆ ಮಾಡಿತು, ಮುಖ ಇದ್ದಿಲಾಯಿತು. ಆಮೇಲೆ ರೀಲು ಪಟ್ಟಣದ ಕಲರ್ ಲ್ಯಾಬಿಗೆ ಹೋಗುತ್ತಿತ್ತು. ಅಲ್ಲಿಯ ಪ್ರಿಂಟ್ ಯಂತ್ರವೂ ನೆಗೆಟಿವನ್ನು ಸರಾಸರಿ ಲೆಕ್ಕದಲ್ಲೇ ನೋಡುತ್ತದೆ. ಬಟ್ಟೆ ಸರಿಯಾದರೆ ಸಾಕು ಅಂತ ಒತ್ತಿದ ಪ್ರಿಂಟಿನಲ್ಲಿ ಮುಖ ಇನ್ನೂ ಕಪ್ಪು.

ಲ್ಯಾಬಿನ ಯಂತ್ರ ಹದ ಮಾಡುವುದಕ್ಕೆ ಕೊಡಾಕ್ ಕಳಿಸುತ್ತಿದ್ದ ಮಾದರಿ ಚಿತ್ರಕ್ಕೆ 'ಶರ್ಲಿ ಕಾರ್ಡ್' ಅಂತ ಹೆಸರಿತ್ತು. ಅದರಲ್ಲಿದ್ದದ್ದು ಬಿಳಿ ಮೈಯ ಹೆಂಗಸು. ಅವಳ ಮೈಬಣ್ಣ ಸರಿ ಬಂದರೆ ಯಂತ್ರ ಸರಿ ಅಂತ ಅರ್ಥ. ಬೇರೆ ಬೇರೆ ಮೈಬಣ್ಣದ ಜನರನ್ನು ಕೂರಿಸಿದ ಕಾರ್ಡು ಬಂದದ್ದು 1990ರ ದಶಕದಲ್ಲಿ. ಅದಕ್ಕೆ ಮೊದಲು ಫಿಲಂನಲ್ಲಿ ಕಂದು ಬಣ್ಣ ಸರಿ ಬರುತ್ತಿಲ್ಲ ಅಂತ ಕೊಡಾಕ್‌ಗೆ ಒತ್ತಡ ಹಾಕಿದವರಲ್ಲಿ ಚಾಕೊಲೇಟ್ ಮತ್ತು ಮರದ ಪೀಠೋಪಕರಣದ ಕಂಪನಿಯವರಿದ್ದರು. ಮನುಷ್ಯರ ಕಂದು ಮುಖಕ್ಕೆ ಮೊದಲು ಮೇಜು ಕುರ್ಚಿಯ ಕಂದು ಕಾಣಿಸಿತು. ಇದನ್ನು ಓದಿದಾಗ ನಗು ಬರುವುದೋ ಸಿಟ್ಟು ಬರುವುದೋ ನೀವೇ ನೋಡಿಕೊಳ್ಳಿ.

ಎಲ್ಲವನ್ನೂ ಕ್ಯಾಮೆರಾದ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಸ್ಟುಡಿಯೋಗಳಲ್ಲಿ ನೆಗೆಟಿವ್‌ನ ಮುಖದ ಭಾಗದಲ್ಲಿ ಸಣ್ಣ ಪೆನ್ಸಿಲ್ ಆಡಿಸುತ್ತಿದ್ದರು. ನೆಗೆಟಿವ್‌ನಲ್ಲಿ ಕಪ್ಪಾದದ್ದು ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. ಕಳೆದುಹೋದ ಬೆಳಕನ್ನು ವಾಪಸು ತರುವ ಕೆಲಸ ಅದರಲ್ಲಿತ್ತು, ಒಪ್ಪೋಣ. ಆದರೆ ಗಂಡಿನ ಕಡೆಗೆ ಕಳಿಸುವ ಹೆಣ್ಣಿನ ಫೋಟೋಗೆ ಪೌಡರ್ ಮೆತ್ತಿ, ಪೆನ್ಸಿಲ್ ಆಡಿಸಿ, ಇಲ್ಲದ ಬಿಳುಪು ತರಿಸಿಕೊಂಡವರು ನಾವೇ. ಒಂದು ಕಡೆ ಯಂತ್ರ ಇದ್ದದ್ದಕ್ಕಿಂತ ಕಪ್ಪು ಮಾಡಿತು, ಇನ್ನೊಂದು ಕಡೆ ನಾವು ಇದ್ದದ್ದಕ್ಕಿಂತ ಬೆಳ್ಳಗೆ ಮಾಡಿಸಿದೆವು. ಆ ಹುಡುಗಿಯ ನಿಜವಾದ ಬಣ್ಣದ ಫೋಟೋ ಒಂದೂ ಉಳಿಯಲಿಲ್ಲ.

ಈಗ ಕೈಯಲ್ಲಿರುವ ಫೋನಿನ ಮಾತು. ಅದರಲ್ಲೂ ಮೀಟರು ಇದೆ. ಮುಖ ಗುರುತಿಸುವಷ್ಟು ಚುರುಕಾಗಿದೆ, ಆದರೂ ಕಿಟಕಿಯ ಮುಂದೆ, ಸುಣ್ಣದ ಗೋಡೆಯ ಮುಂದೆ ನಿಲ್ಲಿಸಿದರೆ ಈಗಲೂ ಏಮಾರುತ್ತದೆ. ಪರದೆಯ ಮೇಲೆ ಮುಖವಿರುವ ಜಾಗಕ್ಕೆ ಬೆರಳು ಒತ್ತಿ. ಬಹಳ ಫೋನುಗಳಲ್ಲಿ ಸಣ್ಣ ಸೂರ್ಯನ ಗುರುತು ಬರುತ್ತದೆ. ಅದನ್ನು ಮೇಲಕ್ಕೆ ಕೆಳಕ್ಕೆ ಎಳೆದರೆ ಬೆಳಕು ಹೆಚ್ಚು ಕಡಿಮೆಯಾಗುತ್ತದೆ. ಆಗ್ಫಾ ಕ್ಲಿಕ್ಕಿನ ಸೂರ್ಯನೇ ಇವನು.

ಹಳೆಯ ಫೋಟೋಗಳ ಗತಿ ಏನು? ಇಲ್ಲಿ ಒಂದು ಒಳ್ಳೆಯ ಸುದ್ದಿ ಇದೆ. ಗೋಡೆಯ ಪ್ರಿಂಟಿನಲ್ಲಿ ಮುಖ ಕಾಣದಿದ್ದರೂ ನೆಗೆಟಿವ್‌ನಲ್ಲಿ ಇರುವ ಸಾಧ್ಯತೆ ಇದೆ. ಕಾಗದ ಹಿಡಿದಿಡುವುದಕ್ಕಿಂತ ಹೆಚ್ಚು ವಿವರವನ್ನು ನೆಗೆಟಿವ್ ಹಿಡಿದಿರುತ್ತದೆ. ಆದರೆ ಸ್ಟುಡಿಯೋಗಳು ಒಂದೊಂದಾಗಿ ಮುಚ್ಚುತ್ತಿವೆ, ಅಂಗಡಿ ಖಾಲಿ ಮಾಡುವಾಗ ಗಂಟುಗಂಟು ನೆಗೆಟಿವ್ ಗುಜರಿಗೋ ಬೆಂಕಿಗೋ ಹೋಗುತ್ತದೆ. ನಿಮ್ಮೂರಿನ ಹಳೆಯ ಸ್ಟುಡಿಯೋದವರು ಇನ್ನೂ ಇದ್ದರೆ ಒಮ್ಮೆ ಕೇಳಿ ನೋಡಿ. ಮನೆಯಲ್ಲೂ ಆಲ್ಬಂ ಹಿಂದಿನ ಜೇಬಿನಲ್ಲಿ, ಟ್ರಂಕಿನ ತಳದಲ್ಲಿ ಹುಡುಕಿ. ಸಿಕ್ಕರೆ ಬೆರಳು ತಾಗಿಸದೆ ಅಂಚು ಹಿಡಿದು ಎತ್ತಿ. ಒಂದಕ್ಕೊಂದು ಅಂಟಿದ್ದರೆ ಕೀಳಲು ಹೋಗಬೇಡಿ. ತೇವ ಇಲ್ಲದ ಜಾಗದಲ್ಲಿ ಬಿಳಿ ಕಾಗದದ ಲಕೋಟೆಯಲ್ಲಿಡಿ.

ಒಂದು ಫೋನಿನ ಪರದೆಯನ್ನು ಪೂರ್ತಿ ಬಿಳಿ ಮಾಡಿ, ಅದರಿಂದ ಎರಡು ಬೆರಳು ಮೇಲಕ್ಕೆ ನೆಗೆಟಿವ್ ಹಿಡಿದು, ಇನ್ನೊಂದು ಫೋನಿನಲ್ಲಿ ಹತ್ತಿರದಿಂದ ಫೋಟೋ ತೆಗೆಯಿರಿ. ಅದನ್ನು ತಿರುವುಮುರುವು ಮಾಡುವ ಆ್ಯಪುಗಳು ಪುಕ್ಕಟೆ ಸಿಗುತ್ತವೆ. ಅದಕ್ಕೂ ಮೊದಲು ನೆಗೆಟಿವನ್ನು ಬೆಳಕಿಗೆ ಹಿಡಿದು ಬರಿಗಣ್ಣಿನಲ್ಲೇ ನೋಡಿ. ಪಂಚೆ ಅಲ್ಲಿ ಕಪ್ಪಗಿರುತ್ತದೆ, ಮುಖ ತಿಳಿಯಾಗಿರುತ್ತದೆ. ಮುಖದ ಜಾಗ ಬರೀ ಗಾಜಿನಂತೆ ಪಾರದರ್ಶಕವಾಗಿದ್ದರೆ ಅಲ್ಲಿಗೆ ಬೆಳಕೇ ತಲುಪಿಲ್ಲ, ಯಾರೂ ಏನೂ ಮಾಡಲಾಗದು. ತೆಳ್ಳಗಾದರೂ ಸರಿ, ಕಣ್ಣಿನ ಗುಣಿ, ಮೂಗಿನ ಗೆರೆ, ತುಟಿಯ ಅಂಚು ಕಂಡರೆ ಅಜ್ಜನ ಮುಖ ಅಲ್ಲಿದೆ.